ಜೈಲಿನಲ್ಲಿ ನೂತ ಗುಲಾಬಿ ಸೀರೆ

ಕಳೆದ ಏಪ್ರಿಲ್‌ನಲ್ಲಿ ನಮ್ಮಕ್ಕನ ಮಗಳ ಮದುವೆ ಆಯ್ತು. ಛತ್ರ ಇಲ್ಲ, ಸ್ಟೇಜ್ ಇಲ್ಲ, ಆರ್ಕೆಸ್ಟ್ರಾ ಅಂತೂ ಇಲ್ಲವೇ ಇಲ್ಲ. ಸಕಲೇಶಪುರದ ಹತ್ತಿರ ಅಕ್ಕನ ಮನೆಯ ಅಂಗಳದಲ್ಲೇ ಚಪ್ಪರ. ಮೇಲೆ ತೆಂಗಿನ ಗರಿ, ಸುತ್ತ ಮನೆ ಹೆಂಗಸರ ಹಳೇ ಸೀರೆಗಳನ್ನು ಪರದೆಯ ಹಾಗೆ ಇಳಿಬಿಟ್ಟಿದ್ದರು. ಹಸಿರು, ಕುಂಕುಮ, ನೇರಳೆ, ಅರಿಶಿನ... ಗಾಳಿ ಬಂದಾಗಲೆಲ್ಲ ಚಪ್ಪರಕ್ಕೆ ಚಪ್ಪರವೇ ಕುಣಿಯುತ್ತಿತ್ತು. ಮದುಮಗಳ ಸೀರೆಯ ಬಣ್ಣ ಮಾವಿನ ಚಿಗುರಿನದ್ದು, ಹೇಳಿ ನೇಯಿಸಿದ್ದು. ರವಿಕೆ ಅಕ್ಕನೇ ಹೊಲಿದಿದ್ದಳು. ತೋಳಿನ ತುದಿಗೆ ನಮ್ಮಮ್ಮನ ಧಾರೆ ಸೀರೆಯ ಸೆರಗಿನ ತುಂಡು. ಸೀರೆ ಹರಿದು ಎಷ್ಟೋ ವರ್ಷವಾಗಿತ್ತು, ಜರಿ ಮಾತ್ರ ಗಟ್ಟಿ ಇತ್ತು. ಊಟಕ್ಕೆ ಮಾವಿನಕಾಯಿ ಚಿತ್ರಾನ್ನ, ಹಲಸಿನಕಾಯಿ ಪಲ್ಯ, ಕಡಲೆಬೇಳೆ ಪಾಯಸ. ಬಡಿಸಿದವರೂ ನಾವೇ.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ನೆಂಟರೊಬ್ಬರು ಮೆಲ್ಲಗೆ ಕೇಳಿದರು. "ಏನಪ್ಪಾ, ನಿಮ್ಮಕ್ಕಂಗೆ ಛತ್ರ ಸಿಗಲಿಲ್ವಾ?"

ನಾನು ಉತ್ತರ ಹುಡುಕುತ್ತಿರುವಾಗ ಎದುರು ಸಾಲಿನಲ್ಲಿದ್ದ ರಿಟೈರ್ಡ್ ಮೇಷ್ಟ್ರು ಬಾಯಿ ಹಾಕಿದರು. "ನೆಹರೂ ಮಗಳ ಮದುವೇನೂ ಮನೇಲೇ ಆಗಿದ್ದು ಕಣ್ರೀ. ಅಪ್ಪ ಜೈಲಲ್ಲಿ ಕೂತು ನೂತ ನೂಲಿನ ಸೀರೆ ಉಟ್ಟಿದ್ರು ಆಯಮ್ಮ."

ನೆಂಟರು ಪಾಯಸಕ್ಕೆ ತಿರುಗಿದರು. ನನ್ನ ತಲೆಯಲ್ಲಿ ಮಾತ್ರ ಆ ಸೀರೆ ಉಳಿದುಬಿಟ್ಟಿತು. ಚಿಕ್ಕವನಿದ್ದಾಗಿನಿಂದ ಕೇಳಿದ ಕಥೆ. ನಿಜವಾ, ಇಲ್ಲ ಪಠ್ಯಪುಸ್ತಕದವರು ಕಟ್ಟಿದ್ದಾ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಕಥೆ ನಿಜ. ಆದರೆ ನಾನು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಅದರಲ್ಲಿ ನನಗೊಂದು ಬೈಗುಳವೂ ಇತ್ತು, ಅದನ್ನು ಕೊನೆಯಲ್ಲಿ ಹೇಳ್ತೀನಿ.

ಕಥೆ ಶುರುವಾಗಬೇಕಾದದ್ದು ಮಗಳ ಮದುವೆಯಿಂದಲ್ಲ, ಅಪ್ಪನ ಮದುವೆಯಿಂದ.

ಜವಾಹರಲಾಲ್ ನೆಹರೂ ಮದುವೆ ಆದದ್ದು 1916ರ ಫೆಬ್ರವರಿ 8ರಂದು, ದೆಹಲಿಯಲ್ಲಿ. ಅವತ್ತು ವಸಂತ ಪಂಚಮಿ. ಹುಡುಗಿ ಕಮಲಾ ಕೌಲ್, ದೆಹಲಿಯಲ್ಲಿ ನೆಲೆಸಿದ್ದ ಕಾಶ್ಮೀರಿ ಪಂಡಿತರ ಮನೆಯವಳು. ಗಂಡಿನ ತಂದೆ ಮೋತಿಲಾಲ್ ನೆಹರೂ ಅಲಹಾಬಾದಿನ ಬಹು ದೊಡ್ಡ ವಕೀಲ. ಅವರ ಗತ್ತು ಹೇಗಿತ್ತು ಅಂದರೆ, ದಿಬ್ಬಣ ಹೊರಟದ್ದು ಅಲಹಾಬಾದಿನಿಂದ ಸ್ಪೆಷಲ್ ರೈಲಿನಲ್ಲಿ. ದೆಹಲಿಯಲ್ಲಿ ಬೀಗರಿಗಾಗಿ ಡೇರೆಗಳದ್ದೇ ಒಂದು ಊರು ಎದ್ದಿತ್ತು. ದಿನಗಟ್ಟಲೆ ಊಟ, ಸಂಗೀತ, ಔತಣ. ನಮ್ಮೂರ ಸಾಹುಕಾರರ ಮದುವೆ ಎಲ್ಲ ಇದರ ಮುಂದೆ ಏನೂ ಅಲ್ಲ ಬಿಡಿ.

ಅದೇ ಮನೆಯಲ್ಲಿ ಐದೇ ವರ್ಷಕ್ಕೆ ಇನ್ನೊಂದು ಮದುವೆ. 1921ರ ಮೇ 10, ಮೋತಿಲಾಲರ ದೊಡ್ಡ ಮಗಳದ್ದು. ನಮಗೆಲ್ಲ ವಿಜಯಲಕ್ಷ್ಮಿ ಪಂಡಿತ್ ಅಂತ ಗೊತ್ತಿರುವವರು. ಅಷ್ಟರಲ್ಲಿ ಗಾಂಧಿ ಬಂದಿದ್ದರು, ಅಸಹಕಾರ ಚಳವಳಿ ಶುರುವಾಗಿತ್ತು, ಮೋತಿಲಾಲರು ವಕೀಲಿ ಬಿಟ್ಟಿದ್ದರು. ಮದುಮಗಳು ಖಾದಿಯನ್ನೇ ಉಡಬೇಕು ಅಂತ ಆಯ್ತು. ಆಗಿನ ಖಾದಿ ಅಂದರೆ ಗೋಣಿಚೀಲದ ಥರ ಒರಟು. ಮನೆ ಹೆಂಗಸರಿಗೆ ಎಷ್ಟು ಸಂಕಟ ಆಗಿರಬೇಕು ಯೋಚಿಸಿ. ಕಡೆಗೆ ಕಸ್ತೂರಬಾ ಅವರೇ ನೂತ ನೂಲಿನಿಂದ ಸೀರೆ ನೇಯಿಸಿ, ಕಾಶ್ಮೀರಿ ಮದುಮಗಳಿಗೆ ಒಪ್ಪುವ ಗುಲಾಬಿ ಬಣ್ಣ ಹಾಕಿಸಿದರು. ಅಂದರೆ ಗುಲಾಬಿ ಖಾದಿ ಆ ಮನೆಗೆ 1942ರಲ್ಲಿ ಮೊದಲ ಸಲ ಬಂದದ್ದಲ್ಲ.

ಈ ಮದುವೆಯ ಬಗ್ಗೆ ನೆಹರೂ ಒಂದು ತಮಾಷೆ ಬರೆದಿದ್ದಾರೆ. ಮೇ 10 ಅಂದರೆ 1857ರಲ್ಲಿ ಮೀರತ್‌ನಲ್ಲಿ ದಂಗೆ ಎದ್ದ ದಿನ. ಮದುವೆಗೆ ಗಾಂಧಿಯೂ ಕಾಂಗ್ರೆಸ್ಸಿನ ದೊಡ್ಡವರೂ ಅಲಹಾಬಾದಿಗೆ ಬರುವುದನ್ನು ಕಂಡು, ಅವತ್ತೇ ಇನ್ನೊಂದು ದಂಗೆ ಏಳುತ್ತೆ ಅಂತ ಊರಿನ ಇಂಗ್ಲಿಷರಿಗೆ ಗಾಬರಿ ಹತ್ತಿತ್ತಂತೆ. ಪಂಚಾಂಗ ನೋಡಿ ಇಟ್ಟ ದಿನ, ಪಾಪ!

ಆಗ ಇಂದಿರಾಗೆ ಮೂರೂವರೆ ವರ್ಷ. ಮನೆಯಲ್ಲಿ ವಿದೇಶಿ ಬಟ್ಟೆ ಗುಡ್ಡೆ ಹಾಕಿ ಸುಟ್ಟದ್ದನ್ನು ನೋಡಿದ ಮಗು. ಆ ಕಾಲದ ಒಂದು ನೆನಪನ್ನು ಮುಂದೆ ಅವರೇ ಹೇಳುತ್ತಿದ್ದರು. ಮನೆಗೆ ಬಂದವರೊಬ್ಬರು ವಿದೇಶಿ ಫ್ರಾಕ್ ತಂದುಕೊಟ್ಟಾಗ ಬೇಡ ಅಂದಳಂತೆ. ಹಾಗಾದರೆ ನಿನ್ನ ಗೊಂಬೆ ಎಲ್ಲಿಯದು ಅಂತ ಅವರು ಕೇಳಿದರು. ಮಗು ದಿನಗಟ್ಟಲೆ ಯೋಚನೆ ಮಾಡಿ ಕೊನೆಗೆ ಗೊಂಬೆಯನ್ನು ಮಹಡಿಗೆ ಒಯ್ದು ಸುಟ್ಟಿತು. ಆಮೇಲೆ ಜ್ವರ ಬಂದು ಮಲಗಿತು. ಬಟ್ಟೆ ಅಂದರೆ ಬರೀ ಬಟ್ಟೆ ಅಲ್ಲ ಅಂತ ಆ ಮನೆಯಲ್ಲಿ ಮಕ್ಕಳಿಗೂ ಗೊತ್ತಿತ್ತು.

ಇಲ್ಲಿ ನಮ್ಮ ಬೆಳಗಾವಿಯನ್ನು ನೆನೆಯಬೇಕು. 1924ರ ಡಿಸೆಂಬರಿನಲ್ಲಿ ಅಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧಿಯೇ ಅಧ್ಯಕ್ಷರು. ಅವರು ಅಧ್ಯಕ್ಷತೆ ವಹಿಸಿದ್ದು ಅದೊಂದೇ ಸಲ. ಕಾಂಗ್ರೆಸ್ ಸದಸ್ಯ ಆಗಬೇಕಾದರೆ ತಿಂಗಳಿಗೆ 2000 ಗಜ ನೂಲು ಕೊಡಬೇಕು ಅನ್ನುವ ನಿಯಮಕ್ಕೆ ಅಲ್ಲಿ ಒಪ್ಪಿಗೆ ಸಿಕ್ಕಿತು. ತಾನೇ ನೂತು ಕೊಡಬೇಕು, ಆಗದಿದ್ದರೆ ಬೇರೆಯವರಿಂದ ನೂಲಿಸಿ ಕೊಡಬೇಕು. ದುಡ್ಡಿನ ಬದಲು ನೂಲು! ಬಹಳ ದಿನ ನಡೆಯಲಿಲ್ಲ, ಮಾರನೇ ವರ್ಷವೇ ಸಡಿಲ ಮಾಡಿದರು. ಆದರೆ ನೂಲು ಅನ್ನುವುದು ಚಂದಾ ಹಣದಷ್ಟೇ ಲೆಕ್ಕದ ವಸ್ತು ಆಯಿತು. ಜೈಲಿಗೆ ಹೋದವರು ಅಲ್ಲೂ ನೂತರು. 1930ರ ಹೊತ್ತಿಗೆ ಗಾಂಧಿ ಯರವಡಾ ಜೈಲಿನಲ್ಲಿದ್ದಾಗ ಪೆಟ್ಟಿಗೆಯೊಳಗೆ ಮಡಚಿ ಇಡುವ ಚರಕ ರೂಪುಗೊಂಡಿತು. ಅದಕ್ಕೆ ಯರವಡಾ ಚರಕ ಅಂತಲೇ ಹೆಸರು.

ಈಗ ಆ ಸೀರೆಗೆ ಬರೋಣ.

1940ರ ಅಕ್ಟೋಬರ್ ಕೊನೆಯಲ್ಲಿ ನೆಹರೂ ಮತ್ತೆ ಬಂಧಿಯಾದರು. ನಾಲ್ಕು ವರ್ಷ ಶಿಕ್ಷೆ. ಹೆಚ್ಚಿನ ದಿನ ಕಳೆದದ್ದು ಡೆಹರಾಡೂನ್ ಜೈಲಿನಲ್ಲಿ. 1941ರ ಡಿಸೆಂಬರ್ ಮೊದಲ ವಾರದಲ್ಲಿ ಬಿಡುಗಡೆ. ಆ ದಿನಗಳಲ್ಲಿ ಓದು, ಪತ್ರ, ತೋಟದ ಕೆಲಸದ ಜೊತೆಗೆ ನೂಲುವುದೂ ಇತ್ತು.

ಒಂದು ಸೀರೆಗೆ ಎಷ್ಟು ನೂಲು ಬೇಕು? ನಾನು ಇಂಜಿನಿಯರ್, ಲೆಕ್ಕ ಹಾಕದೆ ಇರೋಕಾಗಲ್ಲ. ಆ ಸೀರೆಯನ್ನು ನಾನು ಅಳೆದಿಲ್ಲ, ಇದು ಸುಮ್ಮನೆ ಅಂದಾಜು. ಆರು ಗಜ ಉದ್ದ, 45 ಇಂಚು ಅಗಲ, ಇಂಚಿಗೆ 40 ಎಳೆ ಅಂತ ಹಿಡಿಯಿರಿ. ಹಾಸಿಗೆ 1800 ಎಳೆ, ಒಂದೊಂದೂ ಆರು ಗಜ: 10,800 ಗಜ. ಹೊಕ್ಕಿಗೂ ಅಷ್ಟೇ ಬರುತ್ತೆ. ಒಟ್ಟು 21,600 ಗಜ, ಹತ್ತಿರ ಹತ್ತಿರ 20 ಕಿಲೋಮೀಟರ್! ಗಂಟೆಗೆ 300 ಗಜ ನೂತರೂ 72 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ ಎರಡೂವರೆ ತಿಂಗಳು. ಬೆಳಗಾವಿ ಲೆಕ್ಕದಲ್ಲಿ ಹೇಳಬೇಕೆಂದರೆ ಸುಮಾರು ಹನ್ನೊಂದು ತಿಂಗಳ ಕಾಂಗ್ರೆಸ್ ಚಂದಾ.

ಹರಿದ ಎಳೆ ಜೋಡಿಸುವುದು, ಹಂಜಿ ಮುಗಿದರೆ ಹೊಸದು ಹಿಡಿಯುವುದು, ಸುತ್ತಿ ಲಡಿ ಮಾಡುವುದು ಇದರಲ್ಲಿ ಸೇರಿಲ್ಲ. ಹೋಮ್‌ಮೇಡ್ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅದರೊಳಗೆ ಒಬ್ಬರ ಎಷ್ಟು ಹೊತ್ತು ಸೇರಿದೆ ಅಂತ ಲೆಕ್ಕ ಹಾಕಿದಾಗಲೇ ಗೊತ್ತಾಗುವುದು.

ಇನ್ನು ಗಂಡು. ಫಿರೋಜ್ ಗಾಂಧಿ, ಪಾರ್ಸಿ. ಮಹಾತ್ಮ ಗಾಂಧಿ ದತ್ತು ತಗೊಂಡು ಹೆಸರು ಕೊಟ್ಟರು ಅಂತ ಒಂದು ಫಾರ್ವರ್ಡ್ ಮೇಲ್ ವರ್ಷಗಟ್ಟಲೆ ಓಡಾಡಿತ್ತು, ನಿಮಗೂ ಬಂದಿರಬಹುದು. ಸುಳ್ಳು. ಗಾಂಧಿ ಅನ್ನುವುದು ಗುಜರಾತಿ ಹಿಂದೂಗಳಲ್ಲೂ ಇದೆ, ಪಾರ್ಸಿಗಳಲ್ಲೂ ಇದೆ. ಫಿರೋಜರ ಅಪ್ಪನ ಮನೆತನದ ಹೆಸರೇ ಅದು. 1930ರಲ್ಲಿ ಅಲಹಾಬಾದಿನ ಕಾಲೇಜೊಂದರ ಎದುರು ಹೆಂಗಸರು ಪಿಕೆಟಿಂಗ್ ಮಾಡುತ್ತಿದ್ದಾಗ ಕಮಲಾ ನೆಹರೂ ಬಿಸಿಲಿಗೆ ತಲೆತಿರುಗಿ ಬಿದ್ದರು. ಓಡಿ ಬಂದು ಆರೈಕೆ ಮಾಡಿದ ವಿದ್ಯಾರ್ಥಿ ಫಿರೋಜ್. ಅಲ್ಲಿಂದ ಆ ಮನೆಯ ಹುಡುಗನಂತೆ ಆದರು. ಕಮಲಾ 1936ರ ಫೆಬ್ರವರಿ 28ರಂದು ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ತೀರಿಕೊಂಡರು. ಆಮೇಲೆ ಇಂದಿರಾ ಆಕ್ಸ್‌ಫರ್ಡ್‌ನಲ್ಲಿ, ಫಿರೋಜ್ ಲಂಡನ್ನಿನಲ್ಲಿ ಓದಿದರು. 1941ರಲ್ಲಿ ಇಬ್ಬರೂ ಒಟ್ಟಿಗೆ ಊರಿಗೆ ಬಂದರು, ಮದುವೆ ಆಗ್ತೀವಿ ಅಂತ.

ನೆಹರೂಗೆ ಮೊದಲು ಅಷ್ಟೇನೂ ಇಷ್ಟ ಇರಲಿಲ್ಲ. ಇಷ್ಟು ಅವಸರ ಯಾಕೆ, ಮೊದಲು ಆರೋಗ್ಯ ಸುಧಾರಿಸಿಕೊಳ್ಳಲಿ ಅಂತ. ಆದರೆ ಕಡೆಗೆ ಮಗಳ ಆಯ್ಕೆಯೇ ತನ್ನ ಆಯ್ಕೆ ಅಂತ ನಿಂತರು. 1942ರ ಫೆಬ್ರವರಿಯಲ್ಲಿ ಸುದ್ದಿ ಪತ್ರಿಕೆಯಲ್ಲಿ ಬಂದದ್ದೇ ತಡ, ಊರೂರಿನಿಂದ ಕಾಗದ, ತಂತಿ. ಬೈಗುಳ, ಶಾಪ, ಬೆದರಿಕೆ. ಹಿಂದೂ ಹುಡುಗಿ, ಬ್ರಾಹ್ಮಣರ ಮನೆಯವಳು, ಪಾರ್ಸಿಗೆ ಹೇಗೆ ಕೊಡ್ತೀರಿ? ನೆಹರೂ ಪತ್ರಿಕಾ ಹೇಳಿಕೆ ಕೊಡಬೇಕಾಯಿತು. ಮದುವೆ ಆಗುವವರಿಬ್ಬರ ಸ್ವಂತ ವಿಷಯ ಅನ್ನುವುದು ಅದರ ಸಾರ.

ಗಾಂಧಿಗೂ ಹಾಗೇ ಕಾಗದಗಳು ಬಂದವು. ಅವರು ಮಾರ್ಚ್ ತಿಂಗಳ 'ಹರಿಜನ' ಪತ್ರಿಕೆಯಲ್ಲಿ ಉತ್ತರ ಬರೆದರು. ಈ ಹುಡುಗನ ನಡತೆಯಲ್ಲಿ ದೋಷ ಇದೆ ಅಂತ ಯಾರೂ ಬರೆದಿಲ್ಲ, ಅವನು ಪಾರ್ಸಿ ಅನ್ನುವುದೊಂದೇ ತಪ್ಪು. ಮದುವೆಗಾಗಿ ಮತ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ, ಇಲ್ಲಿ ಯಾರೂ ಬದಲಿಸುತ್ತಿಲ್ಲ. ಮುಂದೆ ಇಂಥ ಮದುವೆಗಳು ಹೆಚ್ಚುತ್ತವೆ, ಹರಸಿ. ಇದು ಅವರ ಧಾಟಿ. ಇದೇ ಗಾಂಧಿ 1926ರಲ್ಲಿ, ಸ್ವಂತ ಮಗ ಮಣಿಲಾಲ ದಕ್ಷಿಣ ಆಫ್ರಿಕಾದಲ್ಲಿ ಮುಸ್ಲಿಂ ಹುಡುಗಿಯನ್ನು ಮದುವೆ ಆಗಬೇಕೆಂದಾಗ ಇದು ಧರ್ಮವಲ್ಲ ಅಂತ ಬರೆದು ತಡೆದವರು. ಹದಿನಾರು ವರ್ಷದಲ್ಲಿ ಮನುಷ್ಯ ಅಷ್ಟು ದೂರ ನಡೆದಿದ್ದರು.

ಇಂದಿರಾಗೆ ಮದುವೆ ಸಣ್ಣದಾಗಿ, ಸದ್ದಿಲ್ಲದೆ ಮುಗಿಯಲಿ ಅಂತ ಆಸೆ. ಗಾಂಧಿ ಬೇಡ ಅಂದರು. ಇಷ್ಟು ವಿರೋಧ ಇರುವಾಗ ಗುಟ್ಟಾಗಿ ಮಾಡಿದರೆ ಜನ ತಪ್ಪು ಮುಚ್ಚಿಡುತ್ತಿದ್ದಾರೆ ಅಂತಾರೆ, ನಾಲ್ಕು ಜನರನ್ನು ಕರೆದೇ ಮಾಡಿ ಅಂತ. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯಾಕೆ ಅಂತ ಆಮೇಲೆ.

ಮದುವೆ ನಡೆದದ್ದು 1942ರ ಮಾರ್ಚ್ 26ರಂದು. ಚಿತ್ರಭಾನು ಸಂವತ್ಸರ, ಚೈತ್ರ ಮಾಸ, ರಾಮನವಮಿ. ಅಲಹಾಬಾದಿನ ಆನಂದ ಭವನದ ಹೊರಗೆ, ಬಯಲಿನಲ್ಲೇ ಚಪ್ಪರ. ಸ್ಪೆಷಲ್ ರೈಲು ಇಲ್ಲ, ಡೇರೆಗಳ ಊರಿಲ್ಲ. ಮದುಮಗಳಿಗೆ ಅಪ್ಪ ನೂತ ನೂಲಿನ ತಿಳಿ ಗುಲಾಬಿ ಖಾದಿ ಸೀರೆ, ಅಂಚಿಗೆ ಬೆಳ್ಳಿಯ ಕೆಲಸ. ಚಿನ್ನದ ಬದಲು ಹೂವಿನ ಒಡವೆ. ಗಂಡಿಗೂ ಖಾದಿ. ನೆಹರೂ ಪಕ್ಕದಲ್ಲಿ ಒಂದು ಆಸನ ಖಾಲಿ ಬಿಟ್ಟಿದ್ದರು, ಅದು ಕಮಲಾ ಅವರದು. ಅಗ್ನಿ ಸಾಕ್ಷಿಯಾಗಿ ವೈದಿಕ ವಿಧಿ, ಸಪ್ತಪದಿ.

ಖಾದಿ ಅಂದಕೂಡಲೇ ಬೋಳು ಬೋಳಾಗಿ, ಬಿಳಿ ಬಿಳಿಯಾಗಿ ಇತ್ತು ಅಂದುಕೊಳ್ಳಬೇಡಿ. ಗುಲಾಬಿ, ಬೆಳ್ಳಿ, ಹೂವು, ಚೈತ್ರದ ಬೆಳಕು. ಚಂದ ಕಾಣಬೇಕು ಅನ್ನುವ ಆಸೆಯನ್ನು ಅವರು ಬಿಟ್ಟಿರಲಿಲ್ಲ. ಅಂಗಡಿಯ ಚಂದವನ್ನು ಮಾತ್ರ ಬಿಟ್ಟಿದ್ದರು.

ಸುತ್ತ ಏನು ನಡೆಯುತ್ತಿತ್ತು ನೋಡಿ. ಫೆಬ್ರವರಿಯಲ್ಲಿ ಸಿಂಗಪುರ ಜಪಾನಿಗೆ ಹೋಗಿತ್ತು, ಮಾರ್ಚ್ ಮೊದಲಲ್ಲಿ ರಂಗೂನ್ ಬಿದ್ದಿತ್ತು. ಅದೇ ವಾರ ಸ್ಟ್ಯಾಫರ್ಡ್ ಕ್ರಿಪ್ಸ್ ಮಾತುಕತೆಗೆ ದೆಹಲಿಗೆ ಬಂದಿದ್ದರು. ಅಂಥ ಹೊತ್ತಿನಲ್ಲಿ ಒಂದು ಮದುವೆ ಬಗ್ಗೆ ದೇಶವೇ ಜಗಳ ಆಡಿತ್ತು!

ಇನ್ನೂ ಒಂದು ಮಾತಿದೆ, ಪಠ್ಯಪುಸ್ತಕದಲ್ಲಿ ಬರದೇ ಇದ್ದದ್ದು. ಈ ಮದುವೆಗೆ ಕಾನೂನಿನ ಗಟ್ಟಿ ಆಸರೆ ಇರಲಿಲ್ಲ. ಆಗ ಇದ್ದದ್ದು 1872ರ ವಿಶೇಷ ವಿವಾಹ ಕಾಯ್ದೆ. ಅದರ ಪ್ರಕಾರ ಮದುವೆ ಆಗುವ ಇಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಪಾರ್ಸಿ ಯಾವುದೂ ಅಲ್ಲ ಅಂತ ಬರೆದುಕೊಡಬೇಕಿತ್ತು. 1923ರ ತಿದ್ದುಪಡಿಯಲ್ಲಿ ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮತಮ್ಮೊಳಗೆ ಮದುವೆ ಆಗಲು ಮತ ಬಿಟ್ಟುಕೊಡಬೇಕಿಲ್ಲ ಅಂತಾಯಿತು. ಪಾರ್ಸಿಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಹಿಂದೂ ಹುಡುಗಿ ಹಿಂದೂವಾಗಿಯೇ, ಪಾರ್ಸಿ ಹುಡುಗ ಪಾರ್ಸಿಯಾಗಿಯೇ ಇದ್ದು ಮದುವೆ ಆಗಲು ಬಾಗಿಲೇ ಇರಲಿಲ್ಲ. ಇಬ್ಬರೂ ಮತ ಬಿಡಲು ಒಪ್ಪಲಿಲ್ಲ. ವೈದಿಕ ವಿಧಿಯಲ್ಲಿ, ಎಲ್ಲರೆದುರು, ಕಾನೂನು ಏನಾದರೂ ಅನ್ನಲಿ ಅಂತ ಮದುವೆ ಆದರು. ಬಾಗಿಲು ತೆರೆದದ್ದು 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ, ಅದೇ ಅಪ್ಪ ಪ್ರಧಾನಿಯಾಗಿದ್ದಾಗ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ಹೊಸ ಜೋಡಿ ಕಾಶ್ಮೀರಕ್ಕೆ ಹೋಗಿ ಬಂತು. ಆಗಸ್ಟ್ 8ರಂದು ಬೊಂಬಾಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು, ಮರುದಿನ ಬೆಳಗ್ಗೆ ನೆಹರೂ ಬಂಧನ. ಸೆಪ್ಟೆಂಬರಿನಲ್ಲಿ ಇಂದಿರಾ, ಫಿರೋಜ್ ಇಬ್ಬರೂ ಜೈಲಿಗೆ. ಮದುವೆಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಇಂದಿರಾ ಹೊರಗೆ ಬಂದದ್ದು 1943ರ ಮೇ ತಿಂಗಳಲ್ಲಿ. ಆ ಸಂಸಾರ ಮುಂದೆ ಸುಖವಾಗೇ ಸಾಗಿತು ಅಂತ ಹೇಳಲಾರೆ. ದೂರ ಬೆಳೆಯಿತು, ಫಿರೋಜ್ 1960ರಲ್ಲಿ ತೀರಿಕೊಂಡರು. ಆಮೇಲೆ ಇಂದಿರಾ ಪ್ರಧಾನಿಯಾಗಿ ಮಾಡಿದ್ದರ ಬಗ್ಗೆ, ಎಮರ್ಜೆನ್ಸಿ ಬಗ್ಗೆ ನನಗೂ ಸಿಟ್ಟಿದೆ. ಒಂದು ಒಳ್ಳೆ ಮದುವೆ ದಿನ ಅದನ್ನೆಲ್ಲ ಅಳಿಸಲ್ಲ. ಅದೆಲ್ಲ ಆ ದಿನವನ್ನೂ ಅಳಿಸಲ್ಲ.

ಸೀರೆ ಮಾತ್ರ ಪೆಟ್ಟಿಗೆಯಲ್ಲಿತ್ತು. 1968ರ ಫೆಬ್ರವರಿ 25ರಂದು ದೆಹಲಿಯಲ್ಲಿ ಇಟಲಿಯ ಹುಡುಗಿಯೊಬ್ಬಳು ಅದೇ ಗುಲಾಬಿ ಸೀರೆ ಉಟ್ಟು ಅವರ ಸೊಸೆಯಾದಳು. ಮತ್ತೆ ಮತ ಬೇರೆ, ದೇಶವೂ ಬೇರೆ. ಡೆಹರಾಡೂನಿನಲ್ಲಿ ನೂತ ನೂಲು ಮತ್ತೊಂದು ಜಗಳದ ಮದುವೆಗೆ ಬಂತು!

ಈಗ ನನ್ನ ಬೈಗುಳದ ಕಥೆ.

ಅಕ್ಕನ ಅಳಿಯ ಕೊಟ್ಟಾಯಂ ಕಡೆಯ ಕ್ರಿಶ್ಚಿಯನ್ ಹುಡುಗ. ವಿಷಯ ಗೊತ್ತಾದಾಗ ನಮ್ಮ ದೊಡ್ಡಪ್ಪ ಮಾತು ಬಿಟ್ಟರು. ಅಕ್ಕ ನನಗೆ ಫೋನ್ ಮಾಡಿದಳು. ನಾನು ತಮ್ಮ, ಹುಡುಗಿಗೆ ಸೋದರಮಾವ. ಧೈರ್ಯ ಹೇಳಬೇಕಾದವನು ಏನಂದೆ ಗೊತ್ತಾ? "ಅಕ್ಕಾ, ಸುಮ್ನೆ ಯಾಕೆ ಗಲಾಟೆ? ಹೆಂಗಿದ್ರೂ ರಿಜಿಸ್ಟ್ರಾರ್ ಹತ್ರ ಹೋಗಲೇಬೇಕು. ಇಬ್ಬರು ಮೂವರು ಹೋಗಿ ಸೈನ್ ಹಾಕಿ ಬಂದ್ಬಿಡಿ. ಜನಕ್ಕೆ ಆಮೇಲೆ ನಿಧಾನಕ್ಕೆ ಹೇಳಿದ್ರಾಯ್ತು."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಅಕ್ಕ ಅಂದಳು. "ಕದ್ದು ಮಾಡೋಕೆ ನನ್ ಮಗಳೇನು ತಪ್ಪು ಮಾಡಿದಾಳೇನೋ?"

ರಿಜಿಸ್ಟ್ರಾರ್ ಆಫೀಸಿನಲ್ಲಿ 1954ರ ಅದೇ ಕಾಯ್ದೆ ಪ್ರಕಾರ 30 ದಿನದ ನೋಟಿಸು ಹಾಕಿದ್ದಾಯಿತು, ಸಹಿ ಆಯಿತು. ಯಾರೂ ಮತ ಬಿಡಬೇಕಾಗಲಿಲ್ಲ. ಆದರೆ ಅಕ್ಕ ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಗಳದಲ್ಲಿ ಚಪ್ಪರ ಹಾಕಿಸಿದಳು, ಇಡೀ ಊರಿಗೆ ಕರೆದಳು, ಅಮ್ಮನ ಸೆರಗನ್ನು ಮಗಳ ತೋಳಿಗೆ ಹೊಲಿದಳು. ಛತ್ರ ಸಿಗಲಿಲ್ವಾ ಅಂತ ಕೇಳಿದ ನೆಂಟರಿಗೆ ನಾನು ಹೇಳಬೇಕಿದ್ದ ಉತ್ತರ ಇದು. ಬಾಡಿಗೆ ಜಾಗದಲ್ಲಿ ಮಾಡಿದ್ದರೆ ಅದು ಬರೀ ಫಂಕ್ಷನ್ ಆಗುತ್ತಿತ್ತು. ಸ್ವಂತ ಬಾಗಿಲ ಮುಂದೆ ಮಾಡಿದ್ದರಿಂದ ಇವನು ನಮ್ಮ ಮನೆಯವನು ಅಂತ ಊರಿಗೆ ಹೇಳಿದ ಹಾಗಾಯಿತು.

ಗಾಂಧಿ 1942ರಲ್ಲಿ ಇಂದಿರಾಗೆ ಹೇಳಿದ ಮಾತನ್ನು ನಮ್ಮಕ್ಕ ಎಲ್ಲೂ ಓದಿದವಳಲ್ಲ. ಓದುವವನು ನಾನು. ಹೇಳಿದ್ದು ಮಾತ್ರ ಉಲ್ಟಾ.

ಮುಹೂರ್ತದ ಹೊತ್ತಿಗೆ "ಮಾಮ, ಬರ್ತೀರಾ?" ಅಂತ ಹುಡುಗಿ ಒಳಗಿನಿಂದ ಕರೆದಳು. ಮದುಮಗಳ ಕೈ ಹಿಡಿದು ಚಪ್ಪರಕ್ಕೆ ಕರೆತರುವುದು ಸೋದರಮಾವನ ಕೆಲಸ ಅಲ್ವಾ. ಆ ಬಣ್ಣಬಣ್ಣದ ಸೀರೆಗಳ ನಡುವೆ ನಡೆಯುವಾಗ ನನ್ನ ಬೆರಳಿಗೆ ಅಮ್ಮನ ಜರಿ ತಾಗುತ್ತಿತ್ತು. ದೊಡ್ಡಪ್ಪ ಬಂದಿರಲಿಲ್ಲ. ಮುಂದಿನ ಸಾಲಿನಲ್ಲಿ ಅವರಿಗೆ ಅಂತ ಒಂದು ಕುರ್ಚಿ ಖಾಲಿ ಬಿಟ್ಟಿದ್ದಳು ಅಕ್ಕ. ಊಟ ಮುಗಿಯುವವರೆಗೂ ಅದರಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ.